ಹಾರ್ಟ್ ಆಪರೇಷನ್ ಆದ್ಮೇಲೆ ಪಾಪುಗೆ ಯೂರಿನ್ ನಿಂತೋಗಿದೆ, ಡಯಾಲಿಸಿಸ್ ಹಾಕಿದಾರೆ, ಕಿಡ್ನಿ ಹೋದಂಗೇನಾ?

ಪಾಪುಅಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ 5 ತಿಂಗಳು, ತೂಕ ಐದೇ ಕೆಜಿ. ಹಾರ್ಟಲ್ಲಿ ದೊಡ್ಡ ತೂತು ಇತ್ತು, ಸೋಮವಾರ ಬೆಂಗಳೂರಲ್ಲಿ ಆಪರೇಷನ್ ಆಯ್ತು, ತೂತು ಚೆನ್ನಾಗಿ ಮುಚ್ಚಿದೆ ಅಂದ್ರು ನಾವೂ ನಿಟ್ಟುಸಿರು ಬಿಟ್ವಿ. ಮಂಗಳವಾರ ಬೆಳಗ್ಗೆ ಐಸಿಯು ಒಳಗೆ ಬಿಟ್ಟಾಗ ನೋಡಿದ್ರೆ ಮುಖ ಊದಿ ಕಣ್ಣು ಬರೀ ಗೆರೆ ಥರ ಆಗಿದೆ, ಯೂರಿನ್ ಬ್ಯಾಗಲ್ಲಿ ತಳ ಮುಚ್ಚೋಷ್ಟೂ ಇಲ್ಲ. ಕಿಡ್ನಿ ಹೇಗಿದೆ ಅಂತ ನೋಡೋ ರಕ್ತದ ಟೆಸ್ಟ್, ಕ್ರಿಯಾಟಿನಿನ್, ಮುಂಚೆ 0.3 ಇದ್ದಿದ್ದು 1.1ಕ್ಕೆ ಏರಿದೆಯಂತೆ. ರಾತ್ರಿ ಸೈನ್ ಹಾಕಿಸ್ಕೊಂಡು ಹೊಟ್ಟೆಗೆ ಟ್ಯೂಬ್ ಹಾಕಿ ಡಯಾಲಿಸಿಸ್ ಶುರು ಮಾಡಿದ್ರು. ನಮ್ಮ ದೊಡ್ಡಪ್ಪ ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಾರೆ, ಆ ಮಾತು ಕೇಳಿದ್ದೇ ಕೈಕಾಲು ತಣ್ಣಗಾಯ್ತು. ಇವಳಿಗೂ ಜೀವನಪೂರ್ತಿ ಹಂಗೇನಾ? ಊರಿಂದ ಅಮ್ಮ ಫೋನ್ ಮಾಡಿ ಎಳನೀರು ಕುಡಿಸಿ ಉಚ್ಚೆ ಬಿಡುತ್ತೆ ಅಂತಿದಾರೆ. ಯಾರಿಗಾದ್ರೂ ಹೀಗಾಗಿದ್ರೆ ದಯವಿಟ್ಟು ಹೇಳಿ.

ಚಿನ್ನುಅಮ್ಮ
ಅಣ್ಣ, ಮೊದಲು ಸ್ವಲ್ಪ ನೀರು ಕುಡೀರಿ. ನಮ್ಮ ಮಗನಿಗೂ 8 ತಿಂಗಳಲ್ಲಿ ಇದೇ ಆಗಿತ್ತು, ನಾಲ್ಕು ದಿನ ಹೊಟ್ಟೆ ಡಯಾಲಿಸಿಸ್ ಇತ್ತು. ಮೂರನೇ ದಿನ ರಾತ್ರಿ ಸಿಸ್ಟರ್ ಬಾಗಿಲು ಅರ್ಧ ತೆಗೆದು "ಅಮ್ಮಾ, ನಿಮ್ಮ ಹುಡುಗ 12 ಎಂಎಲ್ ಸುಸು ಮಾಡಿದಾನೆ" ಅಂದಾಗ ನಾನು ಕಾರಿಡಾರಲ್ಲೇ ಕೂತು ಅತ್ತುಬಿಟ್ಟೆ. ಈಗ ಅವನಿಗೆ 6 ವರ್ಷ, ಸ್ಕೂಲಿಗೆ ಹೋಗ್ತಾನೆ. ಎಳನೀರು ಮಾತ್ರ ಖಂಡಿತ ಬೇಡ, ನಮ್ಮತ್ತೆನೂ ಅದನ್ನೇ ಹೇಳಿದ್ರು, ಡಾಕ್ಟರ್ ಕೇಳಿ ಗಾಬರಿ ಆದ್ರು.

ಐಸಿಯುಸಿಸ್ಟರ್
ಮಕ್ಕಳ ಹಾರ್ಟ್ ಐಸಿಯುನಲ್ಲಿ ಕೆಲಸ ಮಾಡ್ತೀನಿ, ನಿಮ್ಮ ಪಾಪುನ ನೋಡಿಲ್ಲ, ಹಾಗಾಗಿ ಸಾಮಾನ್ಯವಾಗಿ ಏನಾಗುತ್ತೆ ಅಂತ ಮಾತ್ರ ಹೇಳ್ತೀನಿ. ಆಪರೇಷನ್ ಮಾಡುವಾಗ ಹಾರ್ಟ್ ನಿಲ್ಲಿಸಿ ಹಾರ್ಟ್ ಲಂಗ್ ಮಷೀನಲ್ಲಿ ರಕ್ತ ಓಡಿಸ್ತಾರೆ. ಹಾರ್ಟ್ ಮಿಡಿದಂಗೆ ಆ ಮಷೀನ್ ಮಿಡಿಯಲ್ಲ, ಟ್ಯೂಬಲ್ಲಿ ಒಂದಷ್ಟು ರಕ್ತಕಣ ಒಡೀತವೆ, ಆಮೇಲೆ ಮೊದಲ ರಾತ್ರಿ ಪುಟ್ಟ ಹಾರ್ಟಿನ ಪಂಪಿಂಗೂ ಕುಗ್ಗುತ್ತೆ, ಇದೆಲ್ಲದರ ಹೊಡೆತ ಕಿಡ್ನಿಗೆ. ಹೆಚ್ಚುಕಮ್ಮಿ 10ರಲ್ಲಿ 3-4 ಮಕ್ಕಳಿಗೆ ಸ್ವಲ್ಪನಾದ್ರೂ ಹೀಗಾಗುತ್ತೆ, ಹೆಚ್ಚಿನವರಿಗೆ ಔಷಧಿಯಲ್ಲೇ ಸರಿಹೋಗುತ್ತೆ, ಡಯಾಲಿಸಿಸ್ ತನಕ ಹೋಗೋರು ಕಮ್ಮಿ. ಇನ್ನೊಂದು, ಕ್ರಿಯಾಟಿನಿನ್ ತಡವಾಗಿ ಏರೋ ನಂಬರ್. ಪೆಟ್ಟು ಬಿದ್ದಿದ್ದು ಸೋಮವಾರ ಇರಬಹುದು, ರಿಪೋರ್ಟಲ್ಲಿ ಕಾಣೋದು ಒಂದೆರಡು ದಿನ ಬಿಟ್ಟು, ಅದಕ್ಕೆ ನಾವು ನಂಬರಿಗೆ ಕಾಯದೆ ಗಂಟೆಗೊಂದ್ಸಲ ಯೂರಿನ್ ಅಳೀತೀವಿ. ಐದು ಕೆಜಿ ಮಗುಗೆ ಗಂಟೆಗೆ ಎರಡೂವರೆ ಎಂಎಲ್, ಅಂದ್ರೆ ಅರ್ಧ ಟೀ ಸ್ಪೂನ್, ಆರು ಗಂಟೆ ಅಷ್ಟೂ ಬರದಿದ್ರೆ ಡಾಕ್ಟರನ್ನ ಎಬ್ಬಿಸ್ತೀವಿ.

ಹೊಟ್ಟೆ ಡಯಾಲಿಸಿಸಲ್ಲಿ ರಕ್ತ ಹೊರಗೆ ತೆಗೆಯಲ್ಲ. ಸಕ್ಕರೆ ಅಂಶದ ನೀರನ್ನ ಒಂದು ಸಲಕ್ಕೆ 50 ಎಂಎಲ್ ಆಸುಪಾಸು ಹೊಟ್ಟೆಯೊಳಗೆ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ, ಹೊರಗೆ ಇಳಿಸ್ತೀವಿ, ಹೊಟ್ಟೆಯ ಒಳಗೋಡೆಯ ಪೊರೆಯೇ ಜರಡಿ ಥರ ಕೆಲಸ ಮಾಡುತ್ತೆ, ರಕ್ತದಲ್ಲಿರೋ ಕಸ, ಹೆಚ್ಚಿನ ನೀರು ಅದರ ಮೂಲಕ ಹೊರಗೆ ಬರುತ್ತೆ. ಊತ ಇಳಿದ್ರೆ ಶ್ವಾಸಕೋಶ ಹಗುರ ಆಗುತ್ತೆ, ವೆಂಟಿಲೇಟರ್ ತೆಗೆಯೋದೂ ಸುಲಭ. ನಿಮ್ಮ ದೊಡ್ಡಪ್ಪನ ಕಿಡ್ನಿ ವರ್ಷಗಟ್ಟಲೆ ಸವೆದಿರೋದು, ಇದು ಏಕಾಏಕಿ ಏಟು ತಿಂದು ಕೂತಿರೋ ಕಿಡ್ನಿ, ಎರಡನ್ನೂ ಒಂದೇ ಅಂದ್ಕೋಬೇಡಿ. ಆದ್ರೆ ಎಲ್ಲಾ ಮಕ್ಕಳೂ ನಾಲ್ಕೇ ದಿನಕ್ಕೆ ಸುಧಾರಿಸ್ತಾರೆ ಅಂತ ಮಾತು ಕೊಡಕ್ಕಾಗಲ್ಲ, ಹಾರ್ಟ್ ಚೆನ್ನಾಗಿ ಪಂಪ್ ಮಾಡಿದ್ರೇ ಕಿಡ್ನಿನೂ ಏಳೋದು. ಡಾಕ್ಟರ್ ರೌಂಡ್ಸಿಗೆ ಬಂದಾಗ "ಎಕೋದಲ್ಲಿ ಪಂಪಿಂಗ್ ಹೇಗಿದೆ, ಲ್ಯಾಕ್ಟೇಟ್ ಇಳೀತಿದ್ಯಾ" ಅಂತ ಕೇಳಿ. ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನ್, ಲ್ಯಾಕ್ಟೇಟ್ ಅಂದ್ರೆ ಮೈಗೆ ರಕ್ತ ಸಾಲದಿದ್ರೆ ರಕ್ತದಲ್ಲಿ ಏರೋ ಆಮ್ಲ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಯೂರಿನ್ ಇಲ್ಲದಾಗ ಅದು ರಕ್ತದಲ್ಲೇ ಉಳಿದು ಹಾರ್ಟ್ ಬಡಿತವನ್ನೇ ಕೆಡಿಸಬಹುದು, ಅಜ್ಜಿಗೆ ಹೀಗೇ ಬಿಡಿಸಿ ಹೇಳಿ.

ಮಕ್ಕಳಡಾಕ್ಟರ್
ಸಿಸ್ಟರ್ ಹೇಳಿದ್ದು ಸರಿ. ನಾನು ಸೇರಿಸೋದು ಡಿಸ್ಚಾರ್ಜ್ ಆದ್ಮೇಲಿನದ್ದು, ಯಾಕಂದ್ರೆ ಅಲ್ಲೇ ನಮ್ಮವರು ಮರೀತಾರೆ. ಎಲ್ಲರೂ ಎಕೋಗೆ ಮಾತ್ರ ಬರ್ತಾರೆ, ಕಿಡ್ನಿ ವಿಷಯ ಅಲ್ಲಿಗೇ ಬಿಟ್ಟುಹೋಗುತ್ತೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಿಡ್ನಿಗೆ ಪೆಟ್ಟಾಗಿತ್ತು, ಡಯಾಲಿಸಿಸ್ ಆಗಿತ್ತು ಅಂತ ಬರೆಸ್ಕೊಳ್ಳಿ. ಮೂರು ತಿಂಗಳಿಗೆ ಕ್ರಿಯಾಟಿನಿನ್, ಯೂರಿನಲ್ಲಿ ಪ್ರೋಟೀನ್, ಬಿಪಿ ನೋಡಿಸಿ. ಮಗು ಬಿಪಿಗೆ ಮಗು ಸೈಜಿನ ಪಟ್ಟಿನೇ ಕಟ್ಟಬೇಕು, ಎಷ್ಟೋ ಕಡೆ ಅದೇ ಇರಲ್ಲ, ನೀವೇ ಕೇಳಿ. ಜ್ವರ ಬಂದ್ರೆ ಮೆಡಿಕಲ್ ಸ್ಟೋರಲ್ಲಿ ಕೊಟ್ಟಿದ್ದು ಹಾಕ್ಬೇಡಿ. ಐಬುಪ್ರೊಫೆನ್, ಮೆಫೆನಾಮಿಕ್ ಜಾತಿ ಸಿರಪ್ ಬೇಡ, ಪ್ಯಾರಸಿಟಮಾಲ್ ಸಾಕು, ಅದೂ ತೂಕ ನೋಡಿ.

ಪಾಪುಅಪ್ಪ
ತುಂಬಾ ಥ್ಯಾಂಕ್ಸ್, ಹೆಂಡತಿಗೂ ಓದಿ ಹೇಳ್ದೆ, ಎರಡು ದಿನದಲ್ಲಿ ಮೊದಲ ಸಲ ಊಟ ಮಾಡಿದ್ಲು. ಸಂಜೆ ಕೇಳ್ದೆ, ಲ್ಯಾಕ್ಟೇಟ್ ಇಳೀತಿದೆಯಂತೆ, ಯೂರಿನ್ ಇನ್ನೂ ಇಲ್ಲ. ಇವಳು ಹಾಲು ಹಿಂಡಿ ಚೆಲ್ತಿದಾಳೆ, ಅದನ್ನ ಎತ್ತಿಡಬಹುದಾ?

ಐಸಿಯುಸಿಸ್ಟರ್
ಚೆಲ್ಲಬೇಡಿ! ಡಬ್ಬಿ ಮೇಲೆ ಹೆಸರು, ದಿನ, ಟೈಮ್ ಬರೆದು ಸಿಸ್ಟರ್ ಕೈಗೆ ಕೊಡಿ, ಫ್ರಿಡ್ಜಲ್ಲಿ ಇಡ್ತಾರೆ. ಯಾವಾಗ ಎಷ್ಟು ಅಂತ ಡಾಕ್ಟರ್ ಹೇಳ್ತಾರೆ, ಮೂಗಿನ ಟ್ಯೂಬಲ್ಲಿ ಕೊಡೋ ಮೊದಲ ಎರಡು ಎಂಎಲ್ ಅಮ್ಮನ ಹಾಲೇ ಆಗಿರ್ಲಿ.