‘ನಿರೋಧಕ ಬ್ಯಾಕ್ಟೀರಿಯಾ’ ಅಂದರೆ ಒಳ್ಳೇದೋ ಕೆಟ್ಟದ್ದೋ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಮೂರು ದಿನವಾಯಿತು.

ಹಳ್ಳಿಯವರು ಓದುವಂಥ ಒಂದು ಪುಟ್ಟ ಆರೋಗ್ಯ ಬರಹ ಮಾಡುತ್ತಿದ್ದೇನೆ. ವಿಷಯ ಬೊಲಿವಿಯಾದ್ದು. ಅಲ್ಲಿ ಗ್ವಾರಾನಿ ಜನರ ಒಂದು ದೂರದ ಊರು, ಹೊರಗಿನವರ ಒಡನಾಟ ಕಮ್ಮಿ, ಆಂಟಿಬಯಾಟಿಕ್ ಬಳಕೆಯೂ ಕಮ್ಮಿ. ಆದರೂ ಯಾವ ಕಾಯಿಲೆಯೂ ಇಲ್ಲದ ಜನರ ಮಲ ಪರೀಕ್ಷೆ ಮಾಡಿದರೆ, ಸುಮಾರು ಮೂವರಲ್ಲಿ ಇಬ್ಬರ ಹೊಟ್ಟೆಯಲ್ಲಿ ಟೆಟ್ರಾಸೈಕ್ಲಿನ್, ಆಂಪಿಸಿಲಿನ್ ತರಹದ ಹಳೇ ಔಷಧಿಗಳಿಗೆ ಸಾಯದ ಇ. ಕೋಲಿ (ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ) ಸಿಕ್ಕಿತು. 2004ರಲ್ಲಿ ಬಂದ ವರದಿ. ನಾನು ಕೊಟ್ಟ ತಲೆಬರಹ: ‘ಆರೋಗ್ಯವಂತರ ಕರುಳಿನಲ್ಲಿ ಪ್ರತಿಜೀವಕ ನಿರೋಧಕ ಬ್ಯಾಕ್ಟೀರಿಯಾ’ (ಪ್ರತಿಜೀವಕ ಅಂದರೆ ಆಂಟಿಬಯಾಟಿಕ್).

ದೊಡ್ಡಮ್ಮನಿಗೆ ಓದಿ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಂಡವರು, ‘ಒಳ್ಳೇದೇ ಆಯ್ತಲ್ಲ, ಅದಕ್ಕೇ ಅವರು ಅಷ್ಟು ಗಟ್ಟಿ ಇರೋದು’ ಅಂದುಬಿಟ್ಟರು!

ತಪ್ಪು ಅವರದ್ದಲ್ಲ. ಕೊರೊನಾ ಬಂದಾಗಿನಿಂದ ಕಷಾಯ ಕುಡಿದು ಕುಡಿದು ‘ರೋಗನಿರೋಧಕ ಶಕ್ತಿ’ ಹೆಚ್ಚಿಸಿಕೊಂಡವರು ನಾವು, ನಿರೋಧಕ ಅಂದರೆ ನಮ್ಮ ಕಡೆಯ ಸೈನಿಕ ಅಂತಲೇ ಕಿವಿಗೆ ಬೀಳುತ್ತದೆ. ಇಲ್ಲಿ ನೋಡಿದರೆ ತಡೆಯುವುದು ಬ್ಯಾಕ್ಟೀರಿಯಾ, ತಡೆಸಿಕೊಳ್ಳುವುದು ಔಷಧಿ. ಅದರ ಜೊತೆಗೆ ‘ಆರೋಗ್ಯವಂತರು’ ಅಂತ ಬೇರೆ ಸೇರಿಸಿದ್ದೇನೆ, ಅರ್ಥ ಪೂರ್ತಿ ತಲೆಕೆಳಗು. (ಬರೀ ‘ನಿರೋಧ’ ಅಂದರೆ ಇನ್ನೂ ಕಷ್ಟ, ಸರ್ಕಾರ 1968ರಲ್ಲಿ ತಂದ ಕಾಂಡೋಮ್ ನೆನಪಾಗಿ ನಮ್ಮ ಚಿಕ್ಕಪ್ಪನ ವಯಸ್ಸಿನವರೆಲ್ಲ ನಗುತ್ತಾರೆ.)

ಬೇರೆ ಪದ ಹುಡುಕಿದೆ. ‘ಔಷಧಿಗೆ ಪಳಗಿದ’ ಅನ್ನೋಣ ಅಂದರೆ, ಔಷಧಿ ಸರಿಯಾಗಿ ನೋಡದ ಊರಿನಲ್ಲಿ ಪಳಗುವುದು ಎಲ್ಲಿಂದ? ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ತಾನು ಔಷಧಿ ಕಾಣದಿದ್ದರೂ ಔಷಧಿ ತಡೆಯುವ ಇನ್ನೊಂದರ ವಿದ್ಯೆ ಹೀಗೆ ಬಂದುಬಿಡುತ್ತದೆ, ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ. ‘ಒಗ್ಗಿಕೊಂಡ’ ಅಂದರೆ ಔಷಧಿ ನಮ್ಮ ಮೈಗೆ ಹಿಡಿಸಿತು ಅಂತ ಓದಿಕೊಳ್ಳುತ್ತಾರೆ. ‘ಮದ್ದಿಗೆ ಜಗ್ಗದ’ ನನಗೆ ತುಂಬ ಇಷ್ಟವಾಗಿತ್ತು, ಆದರೆ ಧಾರವಾಡದ ಕಡೆ ಜಗ್ಗು ಅಂದರೆ ಎಳಿ. ಮದ್ದು ಅಂದರೆ ಕರಾವಳಿಯಲ್ಲಿ ಔಷಧಿ ಸರಿ, ಇನ್ನು ಕೆಲವು ಕಡೆ ‘ಮದ್ದು ಹಾಕಿದ್ದಾರೆ’ ಅಂದರೆ ಕಥೆಯೇ ಬೇರೆ. ಸದ್ಯಕ್ಕೆ ‘ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ’ದಲ್ಲಿ ನಿಂತಿದ್ದೇನೆ. ‘ಪ್ರತಿಜೀವಕ’ ಬಿಟ್ಟುಬಿಟ್ಟೆ, ಮೆಡಿಕಲ್ ಶಾಪಿನಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ತೊಡಕು ಎರಡು. ‘ಬಗ್ಗದ’ ಅನ್ನುವುದಕ್ಕೆ ನಾಮಪದ ಹೇಗೆ? ‘ಬಗ್ಗದಿರುವಿಕೆ’ ಬಾಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಇಂಥ ಬ್ಯಾಕ್ಟೀರಿಯಾ ಇದ್ದೂ ಆರಾಮಾಗಿರುವವರನ್ನು ಏನನ್ನಬೇಕು? ‘ರೋಗವಾಹಕ’ ಅಂದರೆ ಸೊಳ್ಳೆ ಸಾಲಿಗೆ ಸೇರಿಸಿದಂತೆ, ಅವರಿಗೆ ರೋಗವೇ ಇಲ್ಲವಲ್ಲ. ‘ಹೊಟ್ಟೆಯಲ್ಲಿ ಇಟ್ಟುಕೊಂಡವರು’ ಅಂತ ಬರೆದು ನಾನೇ ನಕ್ಕು ಹೊಡೆದುಹಾಕಿದೆ.

ಔಷಧಿ ಕೆಲಸ ಮಾಡದಿದ್ದಾಗ ನಿಮ್ಮೂರಿನಲ್ಲಿ ಏನಂತೀರಿ? ನಾಟಲಿಲ್ಲ, ಹತ್ತಲಿಲ್ಲ, ತಾಗಲಿಲ್ಲ ಇಷ್ಟು ನನಗೆ ಗೊತ್ತು. ಅಲ್ಲೇ ಎಲ್ಲೋ ಪದ ಅಡಗಿದೆ ಅನ್ನಿಸುತ್ತದೆ. ಶುಕ್ರವಾರ ಬರಹ ಕೊಡಬೇಕು.