ಪದಚರ್ಚೆ: ವಿಂಡೋ ‘ಮುಚ್ಚು’, ‘ಕಳಚು’, ಪ್ರೋಗ್ರಾಂ ‘ಮುಗಿಸು’

ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್ ಪಾಠಗಳನ್ನು ಕನ್ನಡದಲ್ಲಿ ಬರೆಯುವಾಗ ಕ್ಲೋಸ್, ಡೆಸ್ಟ್ರಾಯ್, ಕ್ವಿಟ್ ಮೂರಕ್ಕೂ ‘ಮುಚ್ಚು’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ಅದನ್ನು ನಂಬಿ ಕೋಡ್ ಬರೆಯುವವರು ಎಡವುವುದೂ ಸರಿಯಾಗಿ ಅಲ್ಲೇ.

ವಿಂಡೋಸ್‌ನಲ್ಲಿ ಮೂಲೆಯ ಇಂಟು ಗುರುತು ಒತ್ತಿದರೆ ಈ ಮೂರರ ಪೈಕಿ ಮೊದಲು ಬರುವುದು ಡಬ್ಲ್ಯುಎಂ_ಕ್ಲೋಸ್ ಎಂಬ ಸಂದೇಶ. ಇದು ಬರೀ ಕೋರಿಕೆ. ‘ಕಡತ ಉಳಿಸಬೇಕೇ?’ ಎಂದು ಕೇಳಿದಾಗ ಬಳಕೆದಾರರು ‘ರದ್ದು’ ಒತ್ತಿದರೆ ಸೊನ್ನೆ ಹಿಂತಿರುಗಿಸಿ ಸುಮ್ಮನಿದ್ದರಾಯಿತು, ವಿಂಡೋ ಹಾಗೇ ಇರುತ್ತದೆ. ಮುಚ್ಚಲು ಒಪ್ಪಿದರೆ ಡೆಸ್ಟ್ರಾಯ್‌ವಿಂಡೋ ಎಂಬ ಫಂಕ್ಷನ್ ಕರೆಯಬೇಕು. ಆಗ ಡಬ್ಲ್ಯುಎಂ_ಡೆಸ್ಟ್ರಾಯ್ ಬರುತ್ತದೆ, ಮೊದಲು ತಾಯಿ ವಿಂಡೋಗೆ, ಆಮೇಲೆ ಒಳಗಿನ ಮರಿಗಳಿಗೆ. ಅಲ್ಲಿ ‘ಕ್ವಿಟ್’ ಸಂದೇಶ ಹಾಕುವ ಪೋಸ್ಟ್‌ಕ್ವಿಟ್‌ಮೆಸೇಜ್ ಕರೆದರೆ ಮಾತ್ರ, ಸಂದೇಶಗಳನ್ನು ಒಂದೊಂದಾಗಿ ತಂದುಕೊಡುವ ಗೆಟ್‌ಮೆಸೇಜ್ ಸೊನ್ನೆ ಕೊಟ್ಟು, ಅದನ್ನು ಮತ್ತೆ ಮತ್ತೆ ಕರೆಯುವ ಲೂಪ್ ನಿಲ್ಲುತ್ತದೆ. ಆ ಒಂದು ಸಾಲು ಬಿಟ್ಟುಹೋದರೆ ವಿಂಡೋ ಮಾಯ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೋಗ್ರಾಂ ಗಟ್ಟಿಮುಟ್ಟು.

ಇನ್ನೊಂದು ತರಲೆ: ಗೆಟ್‌ಮೆಸೇಜ್‌ನ ಎರಡನೆಯ ಆರ್ಗ್ಯುಮೆಂಟಿಗೆ ನಲ್ (‘ಏನೂ ಇಲ್ಲ’ ಎಂಬ ಬೆಲೆ) ಬದಲು ವಿಂಡೋ ಹ್ಯಾಂಡಲ್ (ಆ ವಿಂಡೋದ ಗುರುತು) ಕೊಟ್ಟಿದ್ದರೆ, ವಿಂಡೋ ಹೋದ ಮೇಲೆ ಅದು ಸೊನ್ನೆಯನ್ನಲ್ಲ, -1 ಕೊಡುತ್ತದೆ. ಸಿ ಭಾಷೆಗೆ -1 ಕೂಡ ‘ನಿಜ’ವೇ. ಹಾಗಾಗಿ ಲೂಪ್ ಸುತ್ತುತ್ತಲೇ ಇದ್ದು ಸಿಪಿಯುವಿನ ಒಂದು ಕೋರನ್ನು ತಿಂದುಹಾಕುತ್ತದೆ. ಸೊನ್ನೆಗಿಂತ ಹೆಚ್ಚಿದೆಯೇ ಎಂದೇ ಪರೀಕ್ಷಿಸಿ.

ನನ್ನ ಸಲಹೆ: ಕ್ಲೋಸ್‌ಗೆ ‘ಮುಚ್ಚು’ (ಸಂದೇಶಕ್ಕೆ ‘ಮುಚ್ಚುವ ಕೋರಿಕೆ’), ಡೆಸ್ಟ್ರಾಯ್‌ಗೆ ‘ಕಳಚು’, ಕ್ವಿಟ್‌ಗೆ ‘ಮುಗಿಸು’. ‘ನಾಶಮಾಡು’ ಎಂದರೆ ಕಡತವೇ ಅಳಿಸಿಹೋಯಿತೇನೋ ಅನ್ನಿಸುತ್ತದೆ. ಮೆನುಗಳಲ್ಲಿ ಕಾಣುವ ‘ನಿರ್ಗಮಿಸು’ ನನಗೆ ಹಿಡಿಸದು. ನಿರ್ಗಮಿಸುವವರು ಯಾರು, ಕೂತಿರುವ ನಾವೋ, ಪ್ರೋಗ್ರಾಮೋ?

ಜಾವಾದಲ್ಲಿ ವಿಂಡೋ ಕಟ್ಟುವ ಸಲಕರಣೆಯಾದ ಸ್ವಿಂಗ್‌ನಲ್ಲಿ ಗೊಂದಲ ಇನ್ನೂ ಹೆಚ್ಚು. ಅದರ ಮುಖ್ಯ ವಿಂಡೋ ಆದ ಜೆಫ್ರೇಮ್‌ಗೆ, ಮುಚ್ಚಿದಾಗ ಏನು ಮಾಡಬೇಕೆಂದು ಹೇಳದಿದ್ದರೆ ಹೈಡ್_ಆನ್_ಕ್ಲೋಸ್: ವಿಂಡೋ ಕಣ್ಣಿಗೆ ಮರೆ, ಅಷ್ಟೆ. ಮೈಸೂರಿನಲ್ಲಿ ‘ಅಂಗಡಿ ಬಾಗಿಲು ಹಾಕಿದೆ’ ಎಂದರೆ ನಾಳೆ ತೆಗೆಯುತ್ತಾರೆ, ‘ಅಂಗಡಿ ಎತ್ತಿಬಿಟ್ಟರು’ ಎಂದರೆ ಮತ್ತೆ ಹುಡುಕಬೇಡಿ ಎಂದರ್ಥ. ಹೈಡ್ ಮೊದಲನೆಯದು, ವಿಂಡೋವನ್ನು ಕಳಚುವ ಡಿಸ್ಪೋಸ್ ಹೆಚ್ಚುಕಡಿಮೆ ಎರಡನೆಯದು. ಎಕ್ಸಿಟ್_ಆನ್_ಕ್ಲೋಸ್ ಜಾವಾ ಪ್ರೋಗ್ರಾಂ ಓಡಿಸುವ ಇಡೀ ಜೆವಿಎಂ ಅನ್ನೇ ನಿಲ್ಲಿಸುತ್ತದೆ. ಬೇರೆ ಥ್ರೆಡ್‌ಗಳ (ಜೊತೆಜೊತೆಗೆ ಓಡುವ ಕೆಲಸಗಳ) ಫೈನಲಿ ಬ್ಲಾಕ್‌ಗಳಿಗೆ, ಅಂದರೆ ಕೊನೆಯಲ್ಲಿ ಓಡಬೇಕಾದ ಕೋಡಿಗೆ, ಕಾಯುವುದಿಲ್ಲ. ಬರೆಯುವ ಪಠ್ಯವನ್ನು ಮೊದಲು ಮೆಮೊರಿಯಲ್ಲಿ ಕೂಡಿಡುವ ಬಫರ್ಡ್‌ರೈಟರ್‌ನಲ್ಲಿ ಉಳಿದದ್ದು, ಡೀಫಾಲ್ಟ್ ಗಾತ್ರದಲ್ಲಿ 8192 ಅಕ್ಷರಗಳವರೆಗೆ, ಡಿಸ್ಕ್ ಸೇರದೇ ಹೋಗಬಹುದು. ಶುದ್ಧವಾಗಿ ಮುಗಿಯಬೇಕೆಂದರೆ ಡು_ನಥಿಂಗ್_ಆನ್_ಕ್ಲೋಸ್ ಇಟ್ಟು, ಇಂಟು ಒತ್ತಿದಾಗ ಓಡುವ ವಿಂಡೋಕ್ಲೋಸಿಂಗ್‌ನಲ್ಲಿ ಕಡತ ಮುಚ್ಚಿ, ಥ್ರೆಡ್‌ಗಳಿಗೆ ನಿಲ್ಲಲು ಹೇಳಿ, ಕೊನೆಗೆ ಡಿಸ್ಪೋಸ್ ಕರೆಯಿರಿ. ಆಗ ಡೀಮನ್ (ಹಿನ್ನೆಲೆಯ ಥ್ರೆಡ್) ಅಲ್ಲದ ಒಂದು ಥ್ರೆಡ್ ಓಡುತ್ತಿದ್ದರೂ ಜೆವಿಎಂ ಮುಗಿಯುವುದಿಲ್ಲ.

ಪೈಥಾನಿನ ವಿಂಡೋ ಸಲಕರಣೆ ಟಿಕಿಂಟರ್‌ನಲ್ಲಿ ಕ್ವಿಟ್ ಲೂಪನ್ನಷ್ಟೇ ನಿಲ್ಲಿಸುತ್ತದೆ, ವಿಂಡೋ ಕಳಚುವುದು ಡೆಸ್ಟ್ರಾಯ್. ಮ್ಯಾಕ್‌ನಲ್ಲಂತೂ ಕಮಾಂಡ್-ಡಬ್ಲ್ಯು ಮುಚ್ಚು, ಕಮಾಂಡ್-ಕ್ಯು ಮುಗಿಸು. ಅಲ್ಲಿ ಎರಡೂ ಬೇರೆಬೇರೆ ಎಂಬುದು ಬಳಕೆದಾರರಿಗೇ ಗೊತ್ತು.

‘ತೆಗೆ’ ಮಾತ್ರ ಬೇಡ. ಬಾಗಿಲು ತೆಗೆ ಎಂದರೆ ತೆರೆ, ಚಪ್ಪರ ತೆಗೆ ಎಂದರೆ ಇಲ್ಲವಾಗಿಸು. ‘ವಿಂಡೋ ತೆಗೆ’ ಎಂದರೆ ವಿದ್ಯಾರ್ಥಿ ಏನು ಮಾಡಬೇಕು?

‘ಕಳಚು’ ಬದಲು ‘ಬಿಚ್ಚು’ ಹೇಗೆ? ಮಂಡ್ಯದ ಆಲೆಮನೆಗಳಲ್ಲಿ ಗಾಣದ ಭಾಗಗಳನ್ನು ಬೇರ್ಪಡಿಸುವುದಕ್ಕೆ ಯಾವ ಮಾತು ಓಡುತ್ತದೆ? ಆ ಕಡೆಯವರು ತಿಳಿಸಿ.