ಡಾಕರ್ ಹಾಕಿದ್ರೆ ಎಲ್ಲಾ ಸರಿಹೋಗುತ್ತಂತೆ

"ಡಾಕರ್ ಕಂಪೋಸ್ ಅಪ್ ಅಂತ ಒಂದೇ ಕಮಾಂಡು ಕಣೋ, ಕಾಫಿ ಕುಡಿಯೋದ್ರೊಳಗೆ ಆಪ್ ಎದ್ದಿರುತ್ತೆ" ಅಂದಿದ್ದು ಗಿರಿ. ಡಾಕರ್ ಅಂದ್ರೆ ಆಪನ್ನ ಅದಕ್ಕೆ ಬೇಕಾದ್ದೆಲ್ಲದರ ಸಮೇತ ಕಂಟೇನರ್ ಅನ್ನೋ ಡಬ್ಬಿಲಿಟ್ಟು ಓಡಿಸೋ ಸಾಧನ, ಕಂಪೋಸ್ ಅಂದ್ರೆ ಅಂಥ ಡಬ್ಬಿಗಳನ್ನೆಲ್ಲ ಒಂದು ಫೈಲಲ್ಲಿ ಬರೆದು ಒಟ್ಟಿಗೆ ಎಬ್ಬಿಸೋದು. ಸೀನ ಕಾಫಿ ಕುಡಿದು ಲೋಟ ತೊಳೆದಿಟ್ಟಿದ್ದೂ ಆಯ್ತು, ಆಪ್ ಏಳ್ಲಿಲ್ಲ.

"ಡೇಟಾಬೇಸಿನ ಬಾಗಿಲ ನಂಬರು, ಅದೇ 5432 ಪೋರ್ಟನ್ನ, ಆಗ್ಲೇ ಯಾರೋ ಹಿಡ್ಕೊಂಡಿದಾರಂತೆ."

"ಯಾರೋ ಅಲ್ಲ, ನೀನೇ. ಯಾವಾಗ್ಲೋ ಲ್ಯಾಪ್‌ಟಾಪಿಗೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಹಾಕಿ ಮರ್ತಿದೀಯ. 5433:5432 ಅಂತ ಬರಿ, ಎಡಗಡೇದು ನಿನ್ ಲ್ಯಾಪ್‌ಟಾಪಿಂದು, ಬಲಗಡೇದು ಕಂಟೇನರ್ ಒಳಗಿಂದು."

ಬರೆದ. ಈಗ ಡೇಟಾಬೇಸ್ ಎದ್ದಿತು, ಆಪ್ ಕನೆಕ್ಷನ್ ರೆಫ್ಯೂಸ್ಡ್ ಅಂತ ಮುಖ ತಿರುಗಿಸ್ತು.

"ಲೋಕಲ್‌ಹೋಸ್ಟ್ 5433 ಅಂತಾನೇ ಕೊಟ್ಟಿದೀನಲ್ಲೋ!"

"ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದ್ರೆ ಆ ಕಂಟೇನರ್ರೇ ಮಾರಾಯ, ಅಲ್ಲೆಲ್ಲಿದೆ ಪೋಸ್ಟ್‌ಗ್ರೆಸ್ಸು? ಕಂಪೋಸ್ ಫೈಲಲ್ಲಿ ಸರ್ವೀಸಿಗೆ ಡಿಬಿ ಅಂತ ಹೆಸರಿಟ್ಟಿದೀಯಲ್ಲ, ಅದೇ ಅಡ್ರೆಸ್ಸು. ಡಿಬಿ, 5432."

"ಈಗ್ತಾನೇ 5433 ಅಂದೆ!"

"ಅದು ಹೊರಗಿಂದ ಬರೋರಿಗೆ."

ಸೀನ ನನ್ ಮುಖ ನೋಡ್ದ. ನಾನ್ಯಾಕೆ ಮಾತಾಡ್ಲಿ, 2013ರಲ್ಲಿ ಡಾಕರ್ ಬಂದಿದ್ದೇ 'ನನ್ ಮಷೀನಲ್ಲಿ ಓಡುತ್ತಪ್ಪ' ಅನ್ನೋ ನೆಪ ಹೋಗ್ಲಿ ಅಂತ, ಈಗ ಯಾರ ಮಷೀನಲ್ಲೂ ಓಡ್ತಿಲ್ಲ, ಸಮಾನತೆ ಅಂದ್ರೆ ಇದೇ ಇರ್ಬೇಕು.

ಮತ್ತೆ ಅಪ್ ಕೊಟ್ಟ, ಆಪ್ ಎದ್ದ ಹಾಗೆ ಮಾಡಿ ಬಿತ್ತು. "ಡಿಪೆಂಡ್ಸ್ ಆನ್ ಹಾಕಿದೀನಿ, ಡಿಬಿ ಆದ್ಮೇಲೆ ತಾನೇ ಇದು ಏಳ್ಬೇಕು?"

"ಬರೀ ಅಷ್ಟು ಹಾಕಿದ್ರೆ ಒಲೆ ಹಚ್ಚಿದ್ ಸದ್ದು ಕೇಳಿ ತಟ್ಟೆ ಹಿಡ್ಕೊಂಡು ಕೂತಂಗೆ. ಕಂಟೇನರ್ ಸ್ಟಾರ್ಟ್ ಆಯ್ತಾ ಅಂತ ನೋಡುತ್ತೆ, ರೆಡಿ ಆಯ್ತಾ ಅಂತಲ್ಲ. ಡಿಬಿ ರೆಡಿನಾ ಅಂತ ಕೇಳೋ ಪಿಜಿ ಈಸ್‌ರೆಡಿ ಇಟ್ಟು ಹೆಲ್ತ್‌ಚೆಕ್ ಬರಿ, ಕಂಡೀಷನ್ನು ಸರ್ವೀಸ್ ಹೆಲ್ತಿ ಅಂತ ಕೊಡು."

ಬಂತು! ಲಾಗಿನ್ ಪೇಜು, ಪೂರ್ತಿ ಸ್ಟೈಲ್ ಸಮೇತ. ಅಲ್ಲಿಗೆ ಬಿಡ್ಬಹುದಿತ್ತು. ಆದ್ರೆ ಒಂದು ವಾರ ಟೆಸ್ಟ್ ಡೇಟಾ ತುಂಬಿದ್ಮೇಲೆ ಸೀನಂಗೆ ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸೋ ಉಮೇದು ಬಂತು, ಕಂಪೋಸ್ ಫೈಲಲ್ಲಿ ಹೊಸದು ಬರೆದ, ಪೋಸ್ಟ್‌ಗ್ರೆಸ್ ಹಳೇದನ್ನೇ ಕೇಳ್ತು.

ಮಂಜ ಇಷ್ಟೊತ್ತು ಫೋನ್ ನೋಡ್ತಿದ್ದೋನು ತಲೆ ಎತ್ತಿದ. "ಆ ಪಾಸ್‌ವರ್ಡನ್ನ ಅದು ನೋಡೋದು ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ. ಡೌನ್ ಮೈನಸ್ ವಿ ಹೊಡೆದು ಮತ್ತೆ ಅಪ್ ಕೊಡು, ತಗೊಳುತ್ತೆ."

ಹೊಡೆದ. ತಗೊಂಡ್ತು.

"ನಾನು ಹಾಕಿದ್ ಯೂಸರ್‌ಗಳೆಲ್ಲ ಎಲ್ಲೋ?"

"ಮೈನಸ್ ವಿ ಅಂದ್ರೆ ವಾಲ್ಯೂಮೂ, ಅದೇ ಡೇಟಾ ಇಟ್ಟಿರೋ ಜಾಗಾನೂ, ಅಳಿಸು ಅಂತ. ಫೋಲ್ಡರ್ ಖಾಲಿ ಆಗಿದ್ದಕ್ಕೇ ಪಾಸ್‌ವರ್ಡ್ ತಗೊಂಡಿದ್ದು" ಅಂದ ಗಿರಿ. "ಟೆಸ್ಟ್ ಡೇಟಾನ ತಾನೇ ತುಂಬೋ ಸೀಡ್ ಸ್ಕ್ರಿಪ್ಟ್ ಇದೆ ತಾನೇ?"

"ಮಂಜ ಬರೀತೀನಿ ಅಂದಿದ್ದ."

ಮಂಜ ಮತ್ತೆ ಫೋನ್ ನೋಡ್ತಿದ್ದ.